ಆನ್‌ಲೈನ್ ಪದವಿಗೆ ಸಹಪಾಠಿಗಳೂ ಬೇಕು

ಮಾನ್ಯ ಸಂಪಾದಕರೇ,

ಆನ್‌ಲೈನ್ ಪದವಿಗಳ ಕುರಿತ ಚರ್ಚೆಯೆಲ್ಲ ವಿಡಿಯೊ ಪಾಠ, ನೆಟ್‌ವರ್ಕ್ ಮತ್ತು ಪರೀಕ್ಷೆಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಅಲ್ಲಿ ಓದುವವರಿಗೆ ಸಹಪಾಠಿಗಳೆಂಬುವರು ಇರುತ್ತಾರೆಯೇ ಎಂದು ಕೇಳುವವರು ಕಡಿಮೆ.

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿದ್ದ ರ‍್ಯಾಂಡಿ ಗ್ಯಾರಿಸನ್, ಟೆರ್ರಿ ಆಂಡರ್ಸನ್ ಮತ್ತು ವಾಲ್ಟರ್ ಆರ್ಚರ್ 2000ರಲ್ಲಿಯೇ ಇದಕ್ಕೊಂದು ಚೌಕಟ್ಟು ಕೊಟ್ಟಿದ್ದರು. ಬರಹದ ಮೂಲಕ ನಡೆಯುವ ತರಗತಿಯೂ ಕಲಿಕೆಯ ಸಮುದಾಯವಾಗಬೇಕಾದರೆ ಸಹಪಾಠಿಗಳು ಒಬ್ಬರಿಗೊಬ್ಬರು ಮನುಷ್ಯರಾಗಿ ಕಾಣಬೇಕು, ವಿಷಯದ ಮೇಲೆ ವಿಚಾರ ನಡೆಯಬೇಕು ಮತ್ತು ಆ ಮಾತುಕತೆಯನ್ನು ದಾರಿಗೆ ಹಚ್ಚುವ ಅಧ್ಯಾಪಕರು ಅಲ್ಲಿರಬೇಕು ಎಂಬುದು ಅವರ ವಾದದ ತಿರುಳು. ಬರೀ ಒಡನಾಟ ಸಾಲದು, ಅಧ್ಯಾಪಕರು ಚರ್ಚೆಯನ್ನು ಹೇಗೆ ರೂಪಿಸುತ್ತಾರೆ ಎಂಬುದರ ಮೇಲೆ ಕಲಿಕೆಯ ಆಳ ನಿಂತಿದೆ ಎಂದು 2005ರಲ್ಲಿ ಗ್ಯಾರಿಸನ್ ಮತ್ತು ಮಾರ್ಥಾ ಕ್ಲೀವ್‌ಲ್ಯಾಂಡ್-ಇನ್ನೆಸ್ ತೋರಿಸಿದರು.

ಕೇಂದ್ರ ಸರ್ಕಾರ ಆನ್‌ಲೈನ್ ಕೋರ್ಸುಗಳಿಗಾಗಿ ನಡೆಸುವ ನಮ್ಮ ‘ಸ್ವಯಂ’ ವೇದಿಕೆಯ ನಾಲ್ಕು ಅಂಗಗಳಲ್ಲಿ ವಿಡಿಯೊ, ಓದುವ ಸಾಮಗ್ರಿ ಮತ್ತು ಮೌಲ್ಯಮಾಪನದ ಜತೆಗೆ ಚರ್ಚೆಯೂ ಒಂದು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಅಲ್ಲಿಂದಲೇ ಓದಲು ಅವಕಾಶವಿದೆ. ಪದವಿ ಕಾಲೇಜೊಂದರಲ್ಲಿ ಇಂಥ ಕೋರ್ಸುಗಳ ಮಾರ್ಗದರ್ಶಕನಾಗಿರುವ ನಾನು ಚರ್ಚೆಯ ಪುಟ ತೆರೆದಾಗಲೆಲ್ಲ ಕಾಣುವುದು ‘ಅಸೈನ್‌ಮೆಂಟ್ ಕೊನೆಯ ದಿನಾಂಕ ಯಾವಾಗ ಸರ್?’ ಎಂಬ ಒಂದೇ ಪ್ರಶ್ನೆ, ಅದರ ಕೆಳಗೆ ‘ನನಗೂ ತಿಳಿಸಿ’ ಎಂಬ ಸಾಲು ಸಾಲು ಉತ್ತರ. ವಿಷಯದ ಮಾತು ನಡೆಯುವುದು ಬೇರೆ ಕಡೆ. ಕಳೆದ ವರ್ಷ ನಮ್ಮ ನಾಲ್ವರು ವಿದ್ಯಾರ್ಥಿನಿಯರು ರಾತ್ರಿ ಅಡುಗೆ ಮನೆ ಕೆಲಸ ಮುಗಿಸಿ ವಾಟ್ಸ್‌ಆ್ಯಪ್‌ನಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕಗಳನ್ನು ಕನ್ನಡದಲ್ಲೇ ಬಿಡಿಸಿಕೊಳ್ಳುತ್ತಿದ್ದರು. ಒಬ್ಬಳಂತೂ ಕೋರ್ಸನ್ನು ಅರ್ಧಕ್ಕೆ ಬಿಡಲು ಹೊರಟಿದ್ದಳು. ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಗುಂಪೇ ಹೊರತು ನಾನಲ್ಲ.

ಐಐಟಿ ಮದ್ರಾಸ್ ತನ್ನ ಆನ್‌ಲೈನ್ ಬಿ.ಎಸ್. ವಿದ್ಯಾರ್ಥಿಗಳನ್ನು ಕಾಡುಗಳ ಹೆಸರಿನ ‘ಹೌಸ್’ಗಳಾಗಿ ವಿಂಗಡಿಸಿದೆ, ಅವುಗಳಲ್ಲಿ ನಮ್ಮ ಬಂಡೀಪುರವೂ ಇದೆ. ಹೆಸರು ಏನೇ ಇರಲಿ, ಸಾವಿರಾರು ಜನರ ನಡುವೆ ತನ್ನದೆನ್ನುವ ಒಂದು ಗುಂಪು ಸಿಗುವುದು ಸಣ್ಣ ಮಾತಲ್ಲ.

ರಾಜ್ಯದ ವಿಶ್ವವಿದ್ಯಾಲಯಗಳು ಆನ್‌ಲೈನ್ ವಿದ್ಯಾರ್ಥಿಗಳನ್ನು ಇಪ್ಪತ್ತೈದರ ಆಸುಪಾಸಿನ ಗುಂಪುಗಳಾಗಿಸಿ, ಪ್ರತಿ ಗುಂಪಿಗೂ ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಬೇಕು. ಚರ್ಚೆಯಲ್ಲಿ ಅವರು ಕಳೆಯುವ ಗಂಟೆಗಳನ್ನು ಕಾರ್ಯಭಾರದ ಲೆಕ್ಕಕ್ಕೆ ಹಿಡಿಯಬೇಕು. ಈಗ ಅದು ನಮ್ಮಲ್ಲಿ ಯಾವ ಲೆಕ್ಕದಲ್ಲೂ ಇಲ್ಲದ ದುಡಿಮೆ. ಹಾಗಾಗಿ ಕೊನೆಯ ದಿನಾಂಕ ತಿಳಿಸುವಲ್ಲಿಗೇ ಅದು ಮುಗಿದುಹೋಗುತ್ತಿದೆ.

– ಪದವಿ ಕಾಲೇಜು ಅಧ್ಯಾಪಕ, ಹಾವೇರಿ ಜಿಲ್ಲೆ