ನಾಳೆಯ ವಾಕಿಂಗ್ ಬಗ್ಗೆ

ಎಲ್ಲರಿಗೂ ನಮಸ್ಕಾರ ರೀ. ನಾಳೆಯಿಂದ ಅಪ್ಪನ ಕೆರೆ ಸುತ್ತು ಬೆಳಗ್ಗೆ 5:30ಕ್ಕೆ. ಏಳಾದರೆ ನಮ್ಮ ಕಲಬುರಗಿ ಬಿಸಿಲು ಬಿಡಲ್ಲ.

‘ಕೂತಿರೋದು ನಮ್ಮ ಮನೆತನದ ಗುಣ, ಅಪ್ಪನೂ ಹಿಂಗೇ’ ಅಂತ ನಿನ್ನೆ ಒಬ್ಬರು ಬರೆದಿದ್ದರು. (ಅರ್ಧ ಸುತ್ತಿಗೇ ಕಟ್ಟೆ ಮೇಲೆ ಕೂತು ಶೇಂಗಾ ಬಿಡಿಸುವವರು, ಗೊತ್ತಲ್ಲ!) ಆ ಮಾತು ಪೂರ್ತಿ ಸುಳ್ಳಲ್ಲ. 7 ದೇಶಗಳ 37,051 ಅವಳಿ ಜೋಡಿಗಳ ಅಧ್ಯಯನ 2006ರಲ್ಲಿ ಬಂತು. ಕೆಲವರು ವ್ಯಾಯಾಮ ಮಾಡುತ್ತಾರೆ, ಕೆಲವರು ಮಾಡಲ್ಲ. ಈ ವ್ಯತ್ಯಾಸದಲ್ಲಿ ಹೆಚ್ಚಿನ ಕಡೆ ಸುಮಾರು ಅರ್ಧ ಅಥವಾ ಅದಕ್ಕೂ ಜಾಸ್ತಿ ಪಾಲು ಜೀನ್‌ಗಳದ್ದು (ಅಪ್ಪ-ಅಮ್ಮನಿಂದ ಬರುವ ವಂಶವಾಹಿಗಳು). ನಾರ್ವೆಯ ಗಂಡಸರಲ್ಲಿ ಮಾತ್ರ ಬರೀ ಶೇ. 27. ಅಂದರೆ ಊರು, ವಾತಾವರಣಕ್ಕೂ ಪಾಲಿದೆ, ಅಲ್ವಾ? ಇದು ಜನಸಮೂಹದ ಲೆಕ್ಕ, ಒಬ್ಬರ ಹಣೆಬರಹವಲ್ಲ. ‘ಸೋಮಾರಿ ಜೀನ್’ ಅಂತ ಒಂದೇ ಒಂದು ಜೀನ್ ಇಲ್ಲವೇ ಇಲ್ಲ.

ನೀರಿನ ಬಾಟಲಿ ತನ್ನಿ. ಶೇಂಗಾ ಎರಡನೇ ಸುತ್ತಿನ ನಂತರ.