ಮರಳಿನ ಕಣಗಳು, ಹೆಸರಿಲ್ಲದ ಸಂಖ್ಯೆಗಳು

ಪ್ರೀತಿಯ ಮಗಳೇ,

ವ್ಯಾಕರಣದಲ್ಲಿ ಮರಳು ಎಣಿಸಲಾಗದ್ದು, ಗಣಿತದಲ್ಲಿ ಕೊನೆಯೇ ಇಲ್ಲದ ಸಂಖ್ಯೆಗಳು ಎಣಿಸಬಹುದಾದವು. ಯಾವುದನ್ನು ನಂಬಲಿ ಎಂದು ಕೇಳಿದ್ದೀಯಲ್ಲ, ಎರಡನ್ನೂ ನಂಬು. ಅವೆರಡೂ ಕೇಳುವ ಪ್ರಶ್ನೆ ಬೇರೆ ಬೇರೆ.

ಮಾತಿಗೆ ಬೇಕಾದದ್ದು ಬಿಡಿಯಾಗಿ ನಿಲ್ಲುವ ವಸ್ತು. ಮೂರು ಮರ ಅನ್ನುತ್ತೇವೆ. ಮೂರು ನೀರು ಅನ್ನುವುದಿಲ್ಲ, ಮೂರು ಹನಿಯೋ ಮೂರು ಕೊಡವೋ ಆಗಬೇಕು. ನೀರನ್ನು ಎರಡು ಪಾಲು ಮಾಡಿದರೆ ಎರಡೂ ನೀರೇ. ಪುಸ್ತಕವನ್ನು ನಡುವೆ ಹರಿದರೆ ಎರಡು ಪುಸ್ತಕ ಆಗುವುದಿಲ್ಲ. ಮರಳಿಗೆ ಕಣಗಳಿದ್ದರೂ ನಾವು ಅದನ್ನು ರಾಶಿಯಾಗಿಯೇ ನೋಡುತ್ತೇವೆ, ಅಷ್ಟೇ. ಆ ಕಣಗಳಿಗೆ ಲೆಕ್ಕವಿಲ್ಲ ಎಂದೇನೂ ಅಲ್ಲ. ತಾನು ಊಹಿಸಿಕೊಂಡ ವಿಶ್ವದ ತುಂಬ ಮರಳು ಸುರಿದರೂ ಕಣಗಳ ಸಂಖ್ಯೆ, ಇಂದಿನ ಬರಹದಲ್ಲಿ ಹೇಳುವುದಾದರೆ, 1ರ ಮುಂದೆ 63 ಸೊನ್ನೆಗಳನ್ನು ದಾಟದು ಎಂದು ಆರ್ಕಿಮಿಡೀಸ್ ಕ್ರಿ.ಪೂ. 3ನೆಯ ಶತಮಾನದಲ್ಲೇ ತೋರಿಸಿದ್ದ.

ಗಣಿತದ ಪ್ರಶ್ನೆ ಇನ್ನೊಂದು: ಎಲ್ಲವನ್ನೂ ಸಾಲಾಗಿ ನಿಲ್ಲಿಸಿ 1, 2, 3 ಎಂದು ಕರೆಯುತ್ತ ಹೋದರೆ ಪ್ರತಿಯೊಂದರ ಸರದಿಯೂ ಬರುತ್ತದೆಯೇ? ಸಾಲು ಮುಗಿಯಲೇಬೇಕೆಂದಿಲ್ಲ, ಯಾರೂ ಬಿಟ್ಟುಹೋಗಬಾರದು. ಸಮಸಂಖ್ಯೆಗಳು ಸುಲಭವಾಗಿ ನಿಲ್ಲುತ್ತವೆ. ಭಿನ್ನರಾಶಿಗಳೂ ನಿಲ್ಲುತ್ತವೆ. ಅಂಶ, ಛೇದ ಕೂಡಿದರೆ 2 ಬರುವವು ಮೊದಲು, ಆಮೇಲೆ 3, ಆಮೇಲೆ 4: 1/1, 1/2, 2/1, 1/3, 3/1... ಹೀಗೆ (2/2 ಅಂದರೆ 1/1 ತಾನೇ, ಆಗಲೇ ಬಂದದ್ದನ್ನು ಬಿಟ್ಟುಬಿಡು).

ವಾಸ್ತವ ಸಂಖ್ಯೆಗಳು, ಅಂದರೆ ದಶಮಾಂಶದಲ್ಲಿ ಕೊನೆಯಿಲ್ಲದೆ ಓಡುವವನ್ನೂ ಸೇರಿಸಿ ಸಂಖ್ಯಾರೇಖೆಯ ಮೇಲಿನ ಎಲ್ಲ ಸಂಖ್ಯೆಗಳು, ಮಾತ್ರ ಹೀಗೆ ನಿಲ್ಲುವುದಿಲ್ಲ. ಜರ್ಮನ್ ಗಣಿತಜ್ಞ ಗಿಯೋರ್ಗ್ ಕ್ಯಾಂಟರ್ ಇದನ್ನು 1874ರಲ್ಲಿ ಸಾಧಿಸಿದ. 1891ರಲ್ಲಿ ಇನ್ನೂ ಸರಳವಾದ ದಾರಿ ಕಂಡುಕೊಂಡ. ಆ ದಾರಿ ನನಗೆ ತುಂಬ ಇಷ್ಟ, ಪೆನ್ಸಿಲ್ ತಗೊಂಡು ನೋಡು. ಯಾರೋ ಒಬ್ಬರು 0ಗೂ 1ಕ್ಕೂ ನಡುವಿನ ಸಂಖ್ಯೆಗಳನ್ನೆಲ್ಲ ಪಟ್ಟಿ ಮಾಡಿದ್ದೇನೆ ಅನ್ನುತ್ತಾರೆ ಎಂದುಕೋ:

0.4173...
0.5521...
0.9308...

ಮೊದಲನೆಯದರಲ್ಲಿ ಮೊದಲ ಅಂಕಿ, ಎರಡನೆಯದರಲ್ಲಿ ಎರಡನೆಯದು, ಮೂರನೆಯದರಲ್ಲಿ ಮೂರನೆಯದು: 4, 5, 0. ಅಲ್ಲಿ 5 ಇದ್ದರೆ 6 ಬರೆ, ಬೇರೇನಿದ್ದರೂ 5 ಬರೆ. ನಿನಗೆ 0.565... ಸಿಗುತ್ತದೆ. ಪಟ್ಟಿಯ ಪ್ರತಿ ಸಾಲಿಗಿಂತಲೂ ಇದು ಒಂದಾದರೂ ಸ್ಥಾನದಲ್ಲಿ ಬೇರೆ. ಅಂದರೆ ಪಟ್ಟಿಯಲ್ಲಿ ಇದು ಇಲ್ಲ. ಸೇರಿಸಿಕೊಂಡರೂ ಹೊಸ ಪಟ್ಟಿಯಿಂದ ಇನ್ನೊಂದನ್ನು ಹೀಗೇ ಹೊರಗೆಳೆಯಬಹುದು.

ನಾನು ನಿನಗೆ ಮುಖ್ಯವಾಗಿ ಹೇಳಬೇಕೆಂದದ್ದು ಈಗ ಬಂತು. ನಮ್ಮ ವರ್ಣಮಾಲೆಯಲ್ಲಿ ಬರೆಯಬಹುದಾದ ಎಲ್ಲ ವಾಕ್ಯಗಳನ್ನೂ ಸಾಲಾಗಿ ಜೋಡಿಸಬಹುದು: ಗಿಡ್ಡವು ಮೊದಲು, ಒಂದೇ ಉದ್ದದವು ಅಕಾರಾದಿಯಲ್ಲಿ. ವಾಕ್ಯ ಎಷ್ಟೇ ಉದ್ದವಿರಲಿ, ಅದರ ಸರದಿ ಬಂದೇ ಬರುತ್ತದೆ. ಹಾಗಾದರೆ ಸಂಖ್ಯೆಗಳನ್ನು ಗುರುತಿಸಿ ಹೇಳುವ ವಾಕ್ಯಗಳೂ ಎಣಿಕೆಗೆ ಸಿಗುವಷ್ಟೇ. ಪೈಗೆ ಹೆಸರಿದೆ, ಎರಡರ ವರ್ಗಮೂಲಕ್ಕೆ ವಿವರಣೆಯಿದೆ. ಉಳಿದ ಸಂಖ್ಯೆಗಳಲ್ಲಿ ಹೆಚ್ಚಿನವಕ್ಕೆ ಕೊಡಲು ಭಾಷೆಯಲ್ಲಿ ವಾಕ್ಯಗಳೇ ಸಾಲವು. ಲೋಕದ ಲಿಪಿಗಳನ್ನೆಲ್ಲ ತಂದು ಸೇರಿಸಿದರೂ ಅದು ಮತ್ತೆ ಒಂದು ಪಟ್ಟಿಯೇ, ಕ್ಯಾಂಟರನ ಪೆನ್ಸಿಲ್ ಅಲ್ಲೂ ಓಡುತ್ತದೆ.

ನಿನ್ನ
ಅಮ್ಮ