ಹಗ್ಗ ಕಟ್ಟುವ ಮುನ್ನ ಗೊತ್ತಿರಬೇಕಾದ ಮೂರು ಸಂಗತಿ

ಮಾನ್ಯ ಸಂಪಾದಕರೇ,

ವಾಹನ ಪುಟದಲ್ಲಿ ಹೊಸ ಕಾರಿನ ಪರಿಚಯ ಬಂದಾಗಲೆಲ್ಲ ಎಂಜಿನ್ ಎಷ್ಟು ಸಿಸಿ, ಮೈಲೇಜ್ ಎಷ್ಟು, ಪರದೆ ಎಷ್ಟು ಇಂಚು ಎಂಬುದು ತಪ್ಪದೆ ಇರುತ್ತದೆ. ಎಂಜಿನ್ನಿನ ಬಲ ಯಾವ ಚಕ್ರಗಳಿಗೆ ಹೋಗುತ್ತದೆ, ಗೇರ್‌ಬಾಕ್ಸ್ ಯಾವ ಬಗೆಯದು, ಕಾರಿನ ತೂಕ ಎಷ್ಟು ಎಂಬುದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕಾರು ಓಡುತ್ತಿರುವಷ್ಟು ದಿನ ಈ ಮೂರು ಗೊತ್ತಿಲ್ಲದಿದ್ದರೂ ನಡೆದುಹೋಗುತ್ತದೆ. ರಸ್ತೆಯಲ್ಲಿ ಕೆಟ್ಟು ನಿಂತಾಗ ಮಾತ್ರ ಬೇಕಾಗುವುದು ಇವೇ ಮೂರು. ಅದು ತಿಳಿಯದೆ ಹಗ್ಗ ಕಟ್ಟಿ ಎಳೆದು, ಬರೀ ಬ್ಯಾಟರಿ ಸತ್ತಿದ್ದ ಕಾರನ್ನು ಗೇರ್‌ಬಾಕ್ಸ್ ಕೂಡ ಕೆಡಿಸಿಕೊಂಡು ಗ್ಯಾರೇಜಿಗೆ ತರುವವರು ಇದ್ದಾರೆ.

ಗೇರ್‌ಬಾಕ್ಸಿನಿಂದಲೇ ಶುರು ಮಾಡೋಣ. ಮ್ಯಾನುಯಲ್ ಕಾರನ್ನು ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ ನಿಂತಿದ್ದರೂ ಚಕ್ರಗಳು ಸಲೀಸಾಗಿ ಉರುಳುತ್ತವೆ. ಹತ್ತಿರದ ಗ್ಯಾರೇಜಿನವರೆಗೆ ನಿಧಾನವಾಗಿ ಎಳೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ಹಾಗಲ್ಲ. ಅದರ ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತರೆ ಪಂಪೂ ನಿಂತಿತು. ಲಿವರ್ ‘ಎನ್’ನಲ್ಲಿ (ನ್ಯೂಟ್ರಲ್) ಇದ್ದರೂ ಉರುಳುವ ಚಕ್ರಗಳು ಒಳಗಿನ ಕೆಲವು ಭಾಗಗಳನ್ನು ತಿರುಗಿಸುತ್ತಲೇ ಇರುತ್ತವೆ. ಆಯಿಲ್ ತಲುಪದ ಬುಷ್‌ಗಳೂ ಬೇರಿಂಗ್‌ಗಳೂ ಕಾದು ಸವೆಯುತ್ತವೆ. ಕೆಲವು ಕಾರುಗಳ ಕೈಪಿಡಿಯಲ್ಲಿ ಗಂಟೆಗೆ 50 ಕಿ.ಮೀ. ಮೀರದಂತೆ 50 ಕಿ.ಮೀ. ದೂರದವರೆಗೆ ಎಳೆಯಬಹುದು ಎಂದಿರುತ್ತದೆ, ಇನ್ನು ಕೆಲವು ಕೈಪಿಡಿಗಳು ಖಡಾಖಂಡಿತ ಬೇಡ ಎನ್ನುತ್ತವೆ. ಪಕ್ಕದವರ ಕಾರಿಗೆ ನಡೆದದ್ದು ನಿಮ್ಮದಕ್ಕೂ ನಡೆಯುತ್ತದೆ ಎಂದುಕೊಳ್ಳುವಂತಿಲ್ಲ. ಸಿವಿಟಿ ಅಂದರೆ ಗೇರುಗಳ ಬದಲು ಬೆಲ್ಟ್ ಇರುವ ಆಟೊಮ್ಯಾಟಿಕ್. ಅದರಲ್ಲಿ ಉಕ್ಕಿನ ಬೆಲ್ಟನ್ನು ಎರಡು ಪುಲ್ಲಿಗಳು ಅದುಮಿ ಹಿಡಿಯುವುದು ಆಯಿಲ್ ಒತ್ತಡದಿಂದ. ಒತ್ತಡವಿಲ್ಲದೆ ತಿರುಗಿಸಿದರೆ ಬೆಲ್ಟ್ ಜಾರಿ ಪುಲ್ಲಿಯ ನುಣುಪು ಮೈಗೆ ಗೀರು ಬೀಳುತ್ತದೆ, ಆಮೇಲೆ ಆ ಗೇರ್‌ಬಾಕ್ಸ್ ಮೊದಲಿನಂತಾಗುವುದು ಕಷ್ಟ.

ಎಎಂಟಿ ಕಾರಿನವರು ತಮ್ಮದೂ ಆಟೊಮ್ಯಾಟಿಕ್ ಎಂದೇ ಹೇಳುತ್ತಾರೆ. ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ನ್ಯೂಟ್ರಲ್ಲಿಗೆ ಬಿದ್ದರೆ ಮ್ಯಾನುಯಲ್ ಕಾರಿನಂತೆಯೇ ಉರುಳುತ್ತದೆ. ಆದರೆ ಗೇರ್ ಬಿದ್ದಿರುವಾಗಲೇ ಕರೆಂಟ್ ಹೋದರೆ ಲಿವರನ್ನು ‘ಎನ್’ಗೆ ತಂದರೂ ಒಳಗಿನ ಗೇರ್ ಕದಲುವುದಿಲ್ಲ. ಹಗ್ಗ ಕಟ್ಟುವ ಮೊದಲು ಕೈಯಲ್ಲಿ ತಳ್ಳಿ ನೋಡಿದರೆ ಇದು ಗೊತ್ತಾಗಿಬಿಡುತ್ತದೆ.

ಎರಡನೆಯದು, ಬಲ ಹೋಗುವುದು ಯಾವ ಚಕ್ರಗಳಿಗೆ ಎಂಬುದು. ಬಾನೆಟ್ ಎತ್ತಿ ನೋಡಿ. ಎಂಜಿನ್ ಅಡ್ಡಡ್ಡ ಕೂತಿದ್ದು, ಕಾರಿನ ಅಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಉದ್ದನೆಯ ಶಾಫ್ಟ್ ಇಲ್ಲದಿದ್ದರೆ ಅದು ಮುಂಚಕ್ರದ ಕಾರು. ಇಂಥ ಆಟೊಮ್ಯಾಟಿಕ್ ಕಾರನ್ನು ಮುಂಭಾಗ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂಚಕ್ರಗಳ ಮೇಲೆ ಉರುಳಿಸಿಕೊಂಡು ಒಯ್ಯಬಹುದು. ಹಿಂಚಕ್ರದ ಕಾರಾದರೆ ಎತ್ತಬೇಕಾದದ್ದು ಹಿಂಭಾಗ, ಇಲ್ಲವೇ ಅಡಿಯಲ್ಲಿರುವ ಆ ಉದ್ದನೆಯ ಪ್ರೊಪೆಲರ್ ಶಾಫ್ಟ್ ಬಿಚ್ಚಬೇಕು. ನಾಲ್ಕೂ ಚಕ್ರಕ್ಕೆ ಸದಾ ಬಲ ಹೋಗುವ ಕಾರಿನಲ್ಲಿ ಎರಡನ್ನು ಎತ್ತಿ ಎರಡನ್ನು ನೆಲದ ಮೇಲೆ ಓಡಿಸುವುದಕ್ಕಿಂತ ಕೆಟ್ಟ ಕೆಲಸವಿಲ್ಲ. ಮುಂದೆ ಹಿಂದೆ ವೇಗ ಬೇರೆಯಾಗಿ ಎರಡನ್ನೂ ಜೋಡಿಸುವ ನಡುವಿನ ಕಪ್ಲಿಂಗ್ ಸುಟ್ಟುಹೋಗುತ್ತದೆ. ಅದಕ್ಕೆ ಇಡೀ ಕಾರನ್ನು ಮೇಲೇರಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಲಾರಿಯೇ ಆಗಬೇಕು. ಎಲೆಕ್ಟ್ರಿಕ್ ಕಾರಿಗೂ ಅದೇ ಮಾತು. ಅದರ ಮೋಟರಿನಲ್ಲಿ ಸಾಮಾನ್ಯವಾಗಿ ಕಾಯಂ ಆಯಸ್ಕಾಂತ ಇರುತ್ತದೆ, ಹೊರಗಿನಿಂದ ಚಕ್ರ ತಿರುಗಿಸಿದರೆ ಮೋಟರ್ ಜನರೇಟರಾಗಿ ವಿದ್ಯುತ್ ಹುಟ್ಟಿಸುತ್ತದೆ, ಕಂಟ್ರೋಲರ್ ಸುಡುವ ಅಪಾಯ ಇರುತ್ತದೆ.

ತೂಕದ ವಿಷಯಕ್ಕೆ ಬಂದರೆ, ಕೈಪಿಡಿಯಲ್ಲಿ ಎರಡು ಅಂಕಿ ಸಿಗುತ್ತವೆ. ಕರ್ಬ್ ವೇಯ್ಟ್ ಅಂದರೆ ಜನ, ಸಾಮಾನು ಇಲ್ಲದೆ ಓಡಲು ಸಿದ್ಧವಾಗಿ ನಿಂತ ಕಾರಿನ ತೂಕ. ಗ್ರಾಸ್ ವೇಯ್ಟ್ ಅಂದರೆ ತುಂಬಿದ ಕಾರಿಗೆ ಕಂಪನಿ ಹಾಕಿದ ಮೇಲ್ಮಿತಿ. ಹಗ್ಗದ ತಾಕತ್ತು ಲೆಕ್ಕ ಹಾಕಬೇಕಾದದ್ದು ಗ್ರಾಸ್ ತೂಕಕ್ಕೆ. ಎಳೆಯುವ ಗಾಡಿ ಕನಿಷ್ಠ ಎಳೆಸಿಕೊಳ್ಳುವ ಗಾಡಿಯಷ್ಟಾದರೂ ಭಾರವಿರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ಆಡಿಸುತ್ತದೆ.

ಹಗ್ಗ ಏಕೆ ಹರಿಯುತ್ತದೆ ಎಂಬುದನ್ನು ಅಂಕಿಯಲ್ಲೇ ನೋಡಬಹುದು. 1200 ಕೆ.ಜಿ. ಕಾರನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ನಿಧಾನವಾಗಿ ಉರುಳಿಸಲು 15ರಿಂದ 20 ಕೆ.ಜಿ.ಯಷ್ಟು ಎಳೆತ ಸಾಕು. 100 ಮೀಟರಿಗೆ 10 ಮೀಟರ್ ಏರುವ ಏರಿನಲ್ಲಿ ಇನ್ನೊಂದು 120 ಕೆ.ಜಿ. ಸೇರುತ್ತದೆ. ಅಂದಮೇಲೆ ಮೂರು ಟನ್ ಎಳೆತ ತಡೆಯುವ ಹಗ್ಗ ಏಕೆ ಬೇಕು? ಜಗ್ಗಿನಿಂದಾಗಿ. ಸಡಿಲ ಬಿದ್ದಿರುವ ಹಗ್ಗವನ್ನು ಅಷ್ಟೇ ತೂಕದ ಮುಂದಿನ ಕಾರು ಗಂಟೆಗೆ ಬರೀ 5 ಕಿ.ಮೀ. ವೇಗದಲ್ಲಿ ಬಿಗಿಗೆ ತಂದಿತು ಅನ್ನಿ. ಹಿಗ್ಗದ ಉಕ್ಕಿನ ರೋಪಾಗಿದ್ದು ಎಲ್ಲ ಸೇರಿ 5 ಸೆಂ.ಮೀ. ಮಾತ್ರ ಬಿಟ್ಟುಕೊಟ್ಟರೆ ಆ ಕ್ಷಣದ ಎಳೆತ ಎರಡು ಟನ್ ದಾಟುತ್ತದೆ. ಅದೇ ಜಗ್ಗಿಗೆ ಅರ್ಧ ಮೀಟರ್ ಹಿಗ್ಗುವ ನೈಲಾನ್ ಹಗ್ಗದಲ್ಲಿ ಕಾಲು ಟನ್ ಕೂಡ ಆಗುವುದಿಲ್ಲ. ನಡಿಗೆಗಿಂತ ತುಸು ಜೋರಾದ ವೇಗಕ್ಕೇ ಇಷ್ಟು. ವೇಗ ಎರಡರಷ್ಟಾದರೆ ಎಳೆತವೂ ಎರಡರಷ್ಟು. ಆದ್ದರಿಂದ ಹಿಗ್ಗುವ ಹಗ್ಗ ತರಬೇಕು, 4ರಿಂದ 5 ಮೀಟರ್ ಉದ್ದದ್ದು, ನಡುವೆ ಎದ್ದು ಕಾಣುವ ಬಟ್ಟೆ ಕಟ್ಟಿ. ಹಗ್ಗ ಗಿಡ್ಡವಾಯಿತೆಂದೋ ಹರಿಯಿತೆಂದೋ ಗಂಟು ಹಾಕಬೇಡಿ, ಗಂಟು ಬಿದ್ದ ಕಡೆ ತಾಕತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಿಗ್ಗುವ ಹಗ್ಗಕ್ಕೂ ಒಂದು ದೋಷವಿದೆ. ಹರಿದರೆ ಕವಣೆಯಂತೆ ತುದಿಯ ಕೊಕ್ಕೆಯನ್ನು ಬೀಸಿ ಒಗೆಯುತ್ತದೆ. ಎಳೆಯುವಾಗ ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು.

ಕೊಕ್ಕೆ ಸಿಕ್ಕಿಸುವ ಜಾಗದಲ್ಲಿ ನಡೆಯುವ ತಪ್ಪು ಎಲ್ಲಕ್ಕಿಂತ ಹೆಚ್ಚು. ಬಂಪರ್, ಚಕ್ರ ಹಿಡಿದಿರುವ ಸಸ್ಪೆನ್ಷನ್ ಆರ್ಮ್, ಸ್ಟೀರಿಂಗಿನ ಟೈ ರಾಡ್ ಇವು ಯಾವುದೂ ಎಳೆಯಲು ಮಾಡಿದವಲ್ಲ. ಹೆಚ್ಚಿನ ಕಾರುಗಳ ಡಿಕ್ಕಿಯಲ್ಲಿ, ಜಾಕ್ ಮತ್ತು ವೀಲ್ ಸ್ಪ್ಯಾನರ್ ಜೊತೆ, ಒಂದು ತುದಿಗೆ ಬಳೆ, ಇನ್ನೊಂದು ತುದಿಗೆ ಮರೆ (ಸ್ಕ್ರೂವಿನ ಸುತ್ತು) ಇರುವ ಕಬ್ಬಿಣದ ತುಂಡು ಇರುತ್ತದೆ. ಅದೇ ಟೋ ಹುಕ್. ಬಂಪರಿನ ಒಂದು ಬದಿಯಲ್ಲಿ ಅಂಗೈಗಿಂತ ಚಿಕ್ಕ ಮುಚ್ಚಳ ಕಾಣುತ್ತದೆ. ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಮೀಟಿದರೆ ಬಣ್ಣ ಕೆಡದೆ ಬಿಚ್ಚುತ್ತದೆ. ಅದರ ಹಿಂದಿನ ತೂತಿಗೆ ಹುಕ್ ಇಟ್ಟು ಮೊದಲ ಎರಡು ಮೂರು ಸುತ್ತು ಕೈಯಲ್ಲೇ ತಿರುಗಿಸಿ. ಬಲಕ್ಕೆ ತಿರುಗಿಸಿದರೆ ಕಚ್ಚದಿದ್ದಾಗ ಬಲವಂತ ಬೇಡ, ಕೆಲವು ಕಾರುಗಳಲ್ಲಿ ಮರೆ ಎಡಗಡೆಯದು. ಪೂರ್ತಿ ಒಳಗೆ ಹೋದ ಮೇಲೆ ಬಳೆಯೊಳಗೆ ವೀಲ್ ಸ್ಪ್ಯಾನರಿನ ಹಿಡಿ ತೂರಿಸಿ ಬಿಗಿ ಮಾಡಿ. ಅರ್ಧ ಹೊಕ್ಕ ಹುಕ್ ಬಾಗುತ್ತದೆ, ಇಲ್ಲವೇ ಮರೆಯನ್ನೇ ಕಿತ್ತುಕೊಂಡು ಹೊರಬರುತ್ತದೆ. ಅದನ್ನು ನೇರಕ್ಕೆ ಮಾತ್ರ ಎಳೆಯಬೇಕು. ಹಳ್ಳಕ್ಕೆ ಬಿದ್ದ ಕಾರನ್ನು ಅದಕ್ಕೇ ಸಿಕ್ಕಿಸಿ ಅಡ್ಡಕ್ಕೆ ಜಗ್ಗುವುದು ಸಲ್ಲದು.

ಇನ್ನು ಹಿಂದಿನ ಕಾರಿನಲ್ಲಿ ಕೂರುವವರ ಕೆಲಸ. ಮುಂದಿನವರಿಗಿಂತ ನುರಿತವರೇ ಅಲ್ಲಿ ಕೂರಬೇಕು, ನಡೆಯುತ್ತಿರುವುದು ಸಾಮಾನ್ಯವಾಗಿ ಇದರ ಉಲ್ಟಾ. ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ, ಆದ್ದರಿಂದ ಇಗ್ನಿಷನ್ ಆನ್ ಇರಲಿ. ಬಟನ್ ಸ್ಟಾರ್ಟ್ ಇರುವ ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ತುಳಿಯದೆ ಬಟನ್ ಎರಡು ಸಲ ಒತ್ತಿದರೆ ಎಂಜಿನ್ ಚಾಲೂ ಆಗದೆ ಇಗ್ನಿಷನ್ ಮಾತ್ರ ಆನ್ ಆಗುತ್ತದೆ. ಎಂಜಿನ್ ನಿಂತ ಕಾರಿನಲ್ಲಿ, ತುಳಿತವನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲು. ಬ್ರೇಕ್ ಹೋಗಿಲ್ಲ, ಆದರೆ ಕಾಲಿನ ಬಲವೆಲ್ಲ ಹಾಕಿ ತುಳಿದರಷ್ಟೇ ಹಿಡಿಯುತ್ತದೆ. ಪವರ್ ಸ್ಟೀರಿಂಗ್ ಕೂಡ ಇರುವುದಿಲ್ಲ. ಹೊರಡುವ ಮೊದಲು ನಿಂತಲ್ಲೇ ನಾಲ್ಕೈದು ಸಲ ತುಳಿದು ಆ ಗಡಸನ್ನು ಕಾಲಿಗೆ ಪರಿಚಯ ಮಾಡಿಕೊಳ್ಳಿ. ಮುಂದಿನವರ ಬ್ರೇಕ್ ಲೈಟ್ ಹತ್ತುವ ಮೊದಲೇ ಹಿಂದಿನವರು ಹಗುರವಾಗಿ ತುಳಿದು ಹಗ್ಗವನ್ನು ಬಿಗಿಯಾಗಿಯೇ ಇಟ್ಟುಕೊಂಡರೆ ಅರ್ಧ ಅಪಾಯ ಕಳೆದಂತೆ. ಹಗ್ಗ ನೆಲ ಮುಟ್ಟಿದರೆ ಚಕ್ರದಡಿ ಸಿಕ್ಕಿಕೊಳ್ಳುತ್ತದೆ, ಮುಂದಿನ ಜಗ್ಗಿಗೂ ಅದೇ ಕಾರಣ. ಮುಂದಿನವರು ಫಸ್ಟ್ ಗೇರಿನಲ್ಲಿ ಹಗ್ಗ ಬಿಗಿಯಾಗುವವರೆಗೆ ತೆವಳಿ, ಆಮೇಲಷ್ಟೇ ಕ್ಲಚ್ ಪೂರ್ತಿ ಬಿಡಬೇಕು. ಏರಿನಲ್ಲಿ ಹಾಫ್ ಕ್ಲಚ್‌ನಲ್ಲೇ ಎಳೆದರೆ ಎರಡನೇ ಕಾರೂ ಗ್ಯಾರೇಜ್ ಸೇರುತ್ತದೆ. ವೇಗ ಗಂಟೆಗೆ 20–25 ಕಿ.ಮೀ. ಸಾಕು.

ಬ್ಯಾಟರಿ ಪೂರ್ತಿ ಸತ್ತ ಆಟೊಮ್ಯಾಟಿಕ್ ಕಾರು ‘ಪಿ’ಯಲ್ಲೇ (ಪಾರ್ಕ್) ಸಿಕ್ಕಿಕೊಳ್ಳುತ್ತದೆ. ‘ಪಿ’ಯಲ್ಲಿ ಗೇರ್‌ಬಾಕ್ಸನ್ನು ಹಿಡಿದಿರುವುದು ಒಂದು ಪುಟ್ಟ ಹಲ್ಲು, ಹಾಗೆಯೇ ಎಳೆದರೆ ಅದು ಮುರಿಯುತ್ತದೆ. ಅನೇಕ ಕಾರುಗಳಲ್ಲಿ ಲಿವರ್ ಪಕ್ಕ ಪುಟ್ಟ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ತುಳಿದು, ಆ ಮುಚ್ಚಳ ತೆಗೆದು ಒಳಗೆ ಕೀ ತುದಿಯಿಂದ ಒತ್ತಿದರೆ ಲಿವರ್ ‘ಎನ್’ಗೆ ಬರುತ್ತದೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಬಿಡಿಸಲು ಮಾತ್ರ ಕರೆಂಟೇ ಬೇಕು, ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಡಬೇಕು.

ಬ್ರೇಕ್, ಸ್ಟೀರಿಂಗ್, ಚಕ್ರ ಇವುಗಳಲ್ಲಿ ಒಂದು ಕೆಟ್ಟಿದ್ದರೂ, ಪೆಟ್ರೋಲ್ ಸೋರುತ್ತಿದ್ದರೂ ಹಗ್ಗದ ಮಾತೇ ಬೇಡ. ಹಾಗೆಯೇ ಎಳೆಯುತ್ತ ಗೇರ್ ಹಾಕಿ ಎಂಜಿನ್ ಚಾಲೂ ಮಾಡುವ ಹಳೆಯ ಉಪಾಯವೂ ಈಗ ಬೇಡ. ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ. ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟ್ ಹರಿದೇ ಕಾರು ನಿಂತಿದ್ದರೆ, ಹೀಗೆ ಗೇರ್ ಹಾಕಿ ಎಳೆದಾಗ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ.

ಸಂಪಾದಕರೇ, ಇಷ್ಟೆಲ್ಲವನ್ನು ಪ್ರತಿ ಕಾರಿನ ಪರಿಚಯದ ಜೊತೆ ಅಚ್ಚು ಹಾಕಿ ಎಂದು ಕೇಳುತ್ತಿಲ್ಲ. ಮೈಲೇಜ್ ಕೆಳಗೆ ಒಂದೇ ಸಾಲು ಸಾಕು: ‘ಮುಂಚಕ್ರ ಚಾಲನೆ, ಸಿವಿಟಿ, ಕರ್ಬ್ ತೂಕ ಇಷ್ಟು, ಗ್ರಾಸ್ ತೂಕ ಇಷ್ಟು, ಟೋ ಹುಕ್ ಮುಂದೆ ಬಲಕ್ಕೆ, ಎಳೆಯುವುದಾದರೆ ಮುಂಭಾಗ ಎತ್ತಿ.’ ಓದುಗರು ಅದನ್ನು ಕತ್ತರಿಸಿ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಕೊಳ್ಳಲಿ.

ಇಂತಿ,
ವಾಹನ ಪುಟದ ಕಾಯಂ ಓದುಗ